ಗೇರ್ ರಾಯರು

ಕೊರೊನಾ ಹೋಗಿ ಇಷ್ಟು ವರ್ಷವಾದ ಮೇಲೂ ಲಿಫ್ಟಿನ ಗುಂಡಿಯನ್ನು ಮೊಣಕೈಯಲ್ಲಿ ಒತ್ತುವ ಗಂಡಸು ಕಣ್ಣಿಗೆ ಬಿದ್ದರೆ ಎರಡು ಅನುಮಾನಕ್ಕೆ ಜಾಗವಿದೆ. ಒಂದು, ಅವರು ಡಾಕ್ಟರು. ಇನ್ನೊಂದು, ಅವರ ಮನೆಯ ಬಾಲ್ಕನಿಯಲ್ಲಿ ಸೈಕಲ್ಲೊಂದು ತಲೆಕೆಳಗಾಗಿ ನಿಂತಿದೆ. ಡಾಕ್ಟರಾಗಿದ್ದರೆ ಶನಿವಾರ ಬೆಳಗ್ಗೆ ಹತ್ತೂವರೆಗೆ ಬನಿಯನ್ನಿನಲ್ಲಿ ಲಿಫ್ಟು ಹತ್ತುತ್ತಿರಲಿಲ್ಲ. ಹತ್ತು ಬೆರಳಿಗೂ ಕರಿ ಗ್ರೀಸು, ಬಲಗಣಕಾಲಿನ ಮೇಲೆ ಚೈನಿನ ಅಚ್ಚು, ಕಿವಿಯ ಸಂದಿಯಲ್ಲಿ ಐದು ಎಂಎಂ ಅಲೆನ್ ಕೀ. ಇವರೇ ನಮ್ಮ ಅಪಾರ್ಟ್‌ಮೆಂಟಿನ ಗೇರ್ ರಾಯರು.

ಹೆಸರಿಟ್ಟವನು ವಾಚ್‌ಮನ್. ವಾರಕ್ಕೆರಡು ಪಾರ್ಸಲ್ ಬರುವ ಫ್ಲ್ಯಾಟಿಗೆ ಏನಾದರೂ ಗುರುತು ಬೇಕಲ್ಲ. ನಾನು ರಾಯರೊಬ್ಬರ ಬಗ್ಗೆ ಬರೆಯುತ್ತಿದ್ದೇನಾದರೂ ಅವರು ಒಬ್ಬರೇ ಅಲ್ಲ. ಲಿಂಗಂಪಲ್ಲಿ, ನಲ್ಲಗಂಡ್ಲ, ತೆಲ್ಲಾಪುರದ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬರು ಸಿಗುತ್ತಾರೆ, ದೊಡ್ಡದಾಗಿದ್ದರೆ ಟವರಿಗೊಬ್ಬರು. ಹಿಂದಿನ ತಲೆಮಾರಿನ ಹೈದರಾಬಾದ್ ಕನ್ನಡಿಗರು ಕಾಚಿಗುಡ, ಬರ್ಕತ್‌ಪುರದ ಕಡೆ ಮನೆ ಮಾಡಿ, ಮಕ್ಕಳನ್ನು ನೃಪತುಂಗ ಶಾಲೆಗೆ ಸೇರಿಸಿ, ರಜೆ ಬಂದರೆ ಸಾಹಿತ್ಯ ಮಂದಿರಕ್ಕೆ ಹೋಗಿ ಭಾಷಣ ಕೇಳುತ್ತಿದ್ದರು. ಈಗಿನವರು ಊರಿನ ಪಶ್ಚಿಮಕ್ಕೆ ಬಂದು ಸೇರಿಕೊಂಡು, ರಜೆ ಬಂದರೆ ಸೈಕಲ್ಲಿನ ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರ್ ಬಿಚ್ಚುತ್ತಾರೆ. ಭಾಷಣ ಇಲ್ಲೂ ಇದೆ, ಕೇಳುವವರು ಮನೆಯವರು ಅಷ್ಟೆ.

ರಾಯರು ರಾಯಚೂರಿನ ಕಡೆಯವರು, ಹೈಟೆಕ್ ಸಿಟಿಯ ಒಂದು ಕಂಪನಿಯಲ್ಲಿ ಕ್ಲೌಡ್ ನೋಡಿಕೊಳ್ಳುತ್ತಾರೆ. ಹದಿನಾರು ವರ್ಷದಿಂದ ಅವರು ಮಾಡಿದ ಕೆಲಸ ಯಾವುದನ್ನೂ ಕೈಯಲ್ಲಿ ಹಿಡಿದು ತೋರಿಸಲು ಬರುವುದಿಲ್ಲ. ಇದು ಮುಖ್ಯ. ಈ ಜಾತಿಯ ಮನುಷ್ಯ ಸೈಕಲ್ಲಿನ ಹತ್ತಿರ ಬರುವುದು ತುಳಿಯುವ ಆಸೆಗಲ್ಲ, ಕೈಗೆ ಮಸಿ ಹತ್ತುವ ಆಸೆಗೆ.

ಸೈಕಲ್ಲು ಬಂದದ್ದು 2020ರಲ್ಲಿ. ಲಾಕ್‌ಡೌನ್ ಸಡಿಲವಾದದ್ದೇ ತಡ, ಜಿಮ್ಮಿಗೆ ಬೀಗ ಬಿದ್ದವರೆಲ್ಲ ಸೈಕಲ್ ಅಂಗಡಿಗೆ ನುಗ್ಗಿದರು; ದುಡ್ಡು ಕೊಡುತ್ತೇನೆಂದರೂ ಮಾಲಿಲ್ಲ. ತಮಾಷೆಯೆಂದರೆ ಅದೇ ವರ್ಷ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಬಾಗಿಲು ಹಾಕಿತು. ರಾಯರ ತಂದೆಯವರು ನೌಕರಿಯುದ್ದಕ್ಕೂ ತುಳಿದದ್ದು ಅಟ್ಲಾಸನ್ನೇ. ಅದಕ್ಕೆ ಒಂದೇ ಗೇರು, ಅದು ಗೇರು ಎಂಬುದು ಅವರಿಗೆ ಗೊತ್ತೂ ಇರಲಿಲ್ಲ. ಮಗ ಅಂಗಡಿಯಿಂದ ಅಂಗಡಿಗೆ ಅಲೆದು 14,000 ರೂಪಾಯಿ ಕೊಟ್ಟು ತಂದದ್ದು 21 ಗೇರಿನ ಮೌಂಟನ್ ಬೈಕು. ನಲ್ಲಗಂಡ್ಲದಲ್ಲಿ ಮೌಂಟನ್ ಎಲ್ಲಿದೆ ಎಂದು ಕೇಳಬೇಡಿ. ಇದ್ದ ಬಂಡೆಗಳನ್ನು ಸಿಡಿಸಿಯೇ ಅಪಾರ್ಟ್‌ಮೆಂಟು ಕಟ್ಟಿದ್ದು, ಈಗ ಏರು ಅಂತ ಉಳಿದಿರುವುದು ಬೇಸ್‌ಮೆಂಟಿನ ಇಳಿಜಾರೊಂದೇ.

ಮೂರು ವರ್ಷ ರಾಯರು ಆ 21ರಲ್ಲಿ ಎರಡೇ ಗೇರು ಬಳಸಿ ಹಾಲು ತಂದರು. ಸುಖವಾಗಿಯೇ ಇದ್ದರು. ಆಮೇಲೊಂದು ರಾತ್ರಿ, ಮಲಗುವ ಹೊತ್ತಿನಲ್ಲಿ, ಒಂದು ವಿಡಿಯೋ ನೋಡಿದರು.

ವಿಡಿಯೋದಲ್ಲಿ ಯಾವನೋ ಬಿಳಿಯ, ಆಪರೇಷನ್ ಥಿಯೇಟರಿಗಿಂತ ಚೊಕ್ಕಟವಾದ ಗ್ಯಾರೇಜಿನಲ್ಲಿ, ಇಂಥದೇ ಅಗ್ಗದ ಬೈಕಿನ ಮುಂದಿನ ಮೂರು ಹಲ್ಲುಚಕ್ರ ಕಿತ್ತು ಒಂದೇ ಒಂದು ಕೂಡಿಸಿ, ಹಿಂದೆ ಒಂಬತ್ತು ಚಕ್ರದ ಕ್ಯಾಸೆಟ್ಟು ಏರಿಸಿ, ಹನ್ನೆರಡು ನಿಮಿಷದಲ್ಲಿ ಕೈ ಒರೆಸಿಕೊಂಡ. ದುಬಾರಿ ಬೈಕುಗಳಲ್ಲಿ ಇದು ಹಳೆಯ ಸುದ್ದಿ. 2012ರಲ್ಲಿ ಸ್ರ್ಯಾಮ್ ಕಂಪನಿ ಮುಂದೆ ಒಂದು, ಹಿಂದೆ ಹನ್ನೊಂದು ಚಕ್ರದ ಜೋಡಣೆ ತಂದಾಗಿನಿಂದ ಮೌಂಟನ್ ಬೈಕುಗಳಲ್ಲಿ ಮುಂದಿನ ಡಿರೇಲರ್ ಎಂಬ ಪ್ರಾಣಿ ಅಳಿವಿನಂಚಿಗೆ ಬಂದಿದೆ. ಆದರೆ ರಾಯರಿಗೆ ಅದು ಆ ರಾತ್ರಿಯೇ ಹೊಳೆದ ಸತ್ಯ. ಬೆಳಗ್ಗೆ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಲ್ಯಾಪ್‌ಟಾಪ್ ತೆರೆದು ಹೆಂಡತಿಗೆ ಎಕ್ಸೆಲ್ ಹಾಳೆ ತೋರಿಸಿದರು.

ಲೆಕ್ಕ ಸುಳ್ಳಲ್ಲ, ನಾನೂ ನೋಡಿದ್ದೇನೆ. ಹಳೆಯ ಬೈಕಿನ ಮುಂದೆ 42, 34, 24 ಹಲ್ಲಿನ ಮೂರು ಚಕ್ರ. ಹಿಂದಿನ ಏಳರಲ್ಲಿ ಚಿಕ್ಕದು 14, ದೊಡ್ಡದು 28. ಅತಿ ಬಿಗಿ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಹಿಂಚಕ್ರ ಮೂರು ಸುತ್ತು, ಅತಿ ಹಗುರದ್ದರಲ್ಲಿ 0.86 ಸುತ್ತು. ನಡುವೆ ಇರುವ ಗೇರುಗಳಲ್ಲಿ ಎಷ್ಟೋ ಒಂದರ ಮೇಲೊಂದು ಬೀಳುತ್ತವೆ. 42ಕ್ಕೆ 28 ಹಾಕಿದರೂ ಒಂದೂವರೆ, 24ಕ್ಕೆ 16 ಹಾಕಿದರೂ ಒಂದೂವರೆ. ಹೊಸದರಲ್ಲಿ ಮುಂದೆ 32, ಹಿಂದೆ 11ರಿಂದ 42. ಬಿಗಿ 2.91, ಹಗುರ 0.76. ಅಂದರೆ ಒಂಬತ್ತೇ ಗೇರು, ಆದರೆ ಹಗುರದಿಂದ ಬಿಗಿಯವರೆಗಿನ ಹರವು 21ರದಕ್ಕಿಂತ ಹೆಚ್ಚು.

ಹೆಂಡತಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಂದರು: “ಅಂದ್ರ ರೊಕ್ಕ ಕೊಟ್ಟು ಇಪ್ಪತ್ತೊಂದು ಇದ್ದದ್ದನ್ನ ಒಂಬತ್ತು ಮಾಡ್ತೀರಿ?”

ಇದಕ್ಕೆ ಎಕ್ಸೆಲ್‌ನಲ್ಲಿ ಉತ್ತರವಿರಲಿಲ್ಲ. ಮಗಳು ಚಿತ್ರಕ್ಕೆ ಬಂದದ್ದು ಆಗಲೇ.

ಗೇರ್ ರಾಯರಿಗೆ ಮಗು ಬೇಕೇ ಬೇಕು. ಒಬ್ಬನೇ ಕೂತು ಬಿಚ್ಚಿದರೆ ಅದು ಹುಚ್ಚು, ಪಕ್ಕದಲ್ಲಿ ಮಗುವನ್ನು ಕೂರಿಸಿಕೊಂಡು ಬಿಚ್ಚಿದರೆ ಅದು ಶಿಕ್ಷಣ. ಖರ್ಚು ಅದೇ, ಬರೆಯುವ ಕಾಲಂ ಬೇರೆ. “ಈಗಿನ ಹುಡುಗ್ರು ಬರೇ ಸ್ಕ್ರೀನ್ ನೋಡ್ತಾವ, ಕೈಲೆ ಏನೂ ಮಾಡೂದಿಲ್ಲ” ಎಂದು ಒಂದು ಮಾತು, “ಕೋಡಿಂಗ್ ಕ್ಲಾಸಿಗೆ ಕೊಡೂದಕ್ಕಿಂತ ಇದು ಸೋವಿ” ಎಂದು ಇನ್ನೊಂದು ಮಾತು. ತಾಯಿ ಸುಮ್ಮನಾದರು. ಸುಮ್ಮನಾದದ್ದನ್ನು ರಾಯರು ಒಪ್ಪಿಗೆ ಎಂದು ದಾಖಲಿಸಿಕೊಂಡರು.

ಮಗಳು ಪುಟ್ಟಿ ನಾಲ್ಕನೇ ಕ್ಲಾಸು. ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕೆ ತೆಲುಗು, ಸ್ಕೂಲ್ ಬಸ್ಸಿನಲ್ಲಿ ಹೈದರಾಬಾದಿ ಹಿಂದಿ. ಅವಳಿಗೂ ಒಂದು ಪುಟ್ಟ ಸೈಕಲ್ಲಿದೆ, ಗೇರಿಲ್ಲದ್ದು. ಅದಕ್ಕೊಂದು ಬೆಲ್ಲು ಹಾಕಿಸಿಕೊಡು ಎಂದು ಅವಳು ಯುಗಾದಿಯಿಂದ ಕೇಳುತ್ತಿದ್ದಾಳೆ. ರಾಯರು ಬೆಲ್ಲು ತರಿಸಲು ಫೋನು ತೆರೆದು ಕೂತಾಗಲೇ ಆ ವಿಡಿಯೋ ಕಣ್ಣಿಗೆ ಬಿದ್ದದ್ದು ಎಂದು ನಮ್ಮ ಮನೆಯಲ್ಲಿ ಒಂದು ಊಹೆ ಇದೆ.

ಅಗ್ಗದ ಬೈಕಿನ ಮೇಲೆ ಕೈ ಇಟ್ಟವರಿಗೆ ಗೊತ್ತಿರುವ ಒಂದು ಸಂಗತಿಯನ್ನು ಆ ವಿಡಿಯೋದ ಪುಣ್ಯಾತ್ಮ ಮೂರು ಸೆಕೆಂಡಿನಲ್ಲಿ ಹಾರಿಸಿಬಿಟ್ಟಿದ್ದ. ಇಂಥ ಬೈಕಿನ ಹಿಂಚಕ್ರದಲ್ಲಿ ಇರುವುದು ಫ್ರೀವೀಲು. ಹಲ್ಲುಚಕ್ರ, ಒಳಗಿನ ಟಿಕ್‌ಟಿಕ್ ಯಂತ್ರ ಎಲ್ಲಾ ಒಂದೇ ಗಂಟು, ಅದನ್ನು ಚಕ್ರದ ನಡುವಿನ ಹಬ್ಬಿನ ಚೂಡಿಗೆ, ಅಂದರೆ ಸ್ಕ್ರೂವಿನಂಥ ಸುತ್ತುಗೆರೆಗೆ, ತಿರುಗಿಸಿ ಕೂರಿಸಿರುತ್ತಾರೆ. ಒಂಬತ್ತು ಚಕ್ರದ ಹೊಸ ಕ್ಯಾಸೆಟ್ಟು ಹಾಗಲ್ಲ. ಟಿಕ್‌ಟಿಕ್ ಯಂತ್ರ ಹಬ್ಬಿನಲ್ಲೇ ಇರಬೇಕು, ಕ್ಯಾಸೆಟ್ಟು ಅದರ ತೋಡುಗಳ ಮೇಲೆ ಜಾರಿ ಕೂರುತ್ತದೆ. ಅಂದರೆ ಹಬ್ಬು ಬದಲಿಸಬೇಕು. ಹಬ್ಬು ಬದಲಿಸುವುದೆಂದರೆ ಕಡ್ಡಿಯೆಲ್ಲ ಬಿಚ್ಚಿ ಹೆಣೆಯಬೇಕು, ಅದಕ್ಕಿಂತ ಹೊಸ ಚಕ್ರವೇ ವಾಸಿ. ಏಳರ ಚೈನು ಒಂಬತ್ತಕ್ಕೆ ಅಗಲವಾಯಿತು, ಚೈನು ಹೊಸದು. ಮುಂದಿನ ಮೂರು ಚಕ್ರಗಳನ್ನು ಪೆಡಲಿನ ತೋಳಾದ ಕ್ರ್ಯಾಂಕಿಗೆ ರಿವೆಟ್ ಹೊಡೆದು ಕೂರಿಸಿದ್ದಾರೆ, ಕ್ರ್ಯಾಂಕ್ ಹೊಸದು. ಕ್ರ್ಯಾಂಕ್ ಕೀಳಲು ಪುಲ್ಲರು, ಫ್ರೀವೀಲು ಕೀಳಲು ಅದರದೇ ಹಲ್ಲಿನ ಟೂಲು, ಚೈನು ಕಡಿಯಲು ಕಟ್ಟರು. ಒಬ್ಬ ನಾದಿನಿಗೆ ಸೀರೆ ತಂದರೆ ಉಳಿದ ನಾದಿನಿಯರಿಗೂ ತರಬೇಕಾದ ಹಾಗೆ, ತೈವಾನಿನ ಮೈಕ್ರೋಶಿಫ್ಟ್ ಕಂಪನಿಯ ಒಂದು ಡಿರೇಲರು ಮನೆಗೆ ಬಂದ ತಪ್ಪಿಗೆ ಇಡೀ ಬಳಗಕ್ಕೆ ಉಡುಗೊರೆ ಮಾಡಬೇಕಾಯಿತು.

ಆಫೀಸಿನಲ್ಲಿ ಇದಕ್ಕೆ ಡಿಪೆಂಡೆನ್ಸಿ ಎನ್ನುತ್ತಾರಂತೆ. ಅಲ್ಲಿ ಅದಕ್ಕೆ ಬೇರೆ ಟೀಮಿನವರು ಹೊಣೆ.

ಪಾರ್ಸಲ್‌ಗಳು ಒಟ್ಟಿಗೆ ಮನೆಗೆ ಬರಲಿಲ್ಲ. ವಾಚ್‌ಮನ್ನಿನ ಕೋಣೆಯಲ್ಲಿ ವನವಾಸ ಮುಗಿಸಿ ಒಂದೊಂದಾಗಿ, ಸಂಜೆ ವಾಕಿಂಗಿನಿಂದ ಬರುವ ರಾಯರ ಕಂಕುಳಲ್ಲಿ ಮೇಲೇರಿದವು. ಹೆಂಡತಿ ಕಣ್ಣೆತ್ತಿ ನೋಡಿದರೆ “ಇದು ಮೊನ್ನೆ ತರಿಸಿದ್ದೇ” ಎಂದು ಉತ್ತರ ಸಿದ್ಧ. ಹಿಂಚಕ್ರಕ್ಕೆ ಮಾತ್ರ ಆ ಉತ್ತರ ಸಾಲಲಿಲ್ಲ. ಎರಡೂಕಾಲು ಅಡಿ ಅಡ್ಡಳತೆಯ ವಸ್ತುವನ್ನು ಕಂಕುಳಲ್ಲಿ ಬಚ್ಚಿಡುವ ಕಲೆ ಯಾವ ವಿಡಿಯೋದಲ್ಲೂ ಇಲ್ಲ.

ಟೂಲಿಗಾಗಿ ಅಪ್ಪ ಮಗಳು ಕೋಠಿಗೆ ಹೋದರು. ಇಸಾಮಿಯಾ ಬಜಾರಿನಲ್ಲಿ ಸಾಲುಸಾಲು ಸೈಕಲ್ ಅಂಗಡಿ, ಮಡಿಗಾರ್ಡು, ಟೈರು, ಮಕ್ಕಳ ಸೈಕಲ್ಲಿನ ಗುಲಾಬಿ ಬುಟ್ಟಿ ಎಲ್ಲವೂ ರಸ್ತೆಯ ಮೇಲೇ ತೂಗುತ್ತಿರುತ್ತವೆ. ನಾನೂ ಕೂಡಿಕೊಂಡೆ, ವಾಪಸ್ಸು ಬರುವಾಗ ಬಿಸ್ಕತ್ತು ತರುವ ನೆಪವಿತ್ತು. ರಾಯರು ಗಲ್ಲಾದ ಎದುರು ನಿಂತು ತಮ್ಮ ಯೋಜನೆಯನ್ನು ಸವಿಸ್ತಾರವಾಗಿ ವಿವರಿಸಿದರು. ಬಿಳಿಗಡ್ಡದ ಉಸ್ತಾದ್ ಕೈಯಲ್ಲಿನ ಚಹಾ ಮುಗಿಯುವ ತನಕ ಕೇಳಿ, “ಇತ್ತಾ ಖರ್ಚಾ ಕಾಯ್ಕು ಸಾಬ್? ನವಾ ಸೈಕಲಿಚ್ ಲೇಲೇವ್ ನಾ” ಅಂದರು, ಇಷ್ಟು ಖರ್ಚು ಯಾಕೆ, ಹೊಸ ಸೈಕಲ್ಲೇ ಕೊಳ್ಳಿ ಎಂದು. ಅಂಗಡಿಯಿಟ್ಟುಕೊಂಡವರ ಬಾಯಲ್ಲಿ ಬೇಡ ಎಂಬ ಮಾತು ಬಂದಾಗ ಬುದ್ಧಿವಂತರು ನಿಲ್ಲುತ್ತಾರೆ. ರಾಯರು ಟೂಲು ಕೊಂಡರು.

ಉಸ್ತಾದರಿಗೆ ಪುಟ್ಟಿಯ ಮೇಲೆ ಕರುಣೆ ಬಂತೇನೋ. ಅವಳ ಕೈಗೆ ಎಡಗಡೆಯ ಒಂದು ಹಳೆಯ ಪೆಡಲು ಕೊಟ್ಟು ಕ್ರ್ಯಾಂಕಿನ ತೂತಿಗೆ ತಿರುಗಿಸಿ ಹಾಕಲು ಹೇಳಿದರು. ಅವಳು ಎಲ್ಲರಂತೆ ಬಲಕ್ಕೆ ತಿರುಗಿಸಿದಳು, ಹತ್ತಲಿಲ್ಲ. “ಬಾಯೇಂ ತರಫ್ ಕೀ ಉಲ್ಟೀ ಚೂಡೀ ಹೋತೀ ಬೇಟಾ. ಯಾದ್ ರಖ್.” ಎಡದ ಪೆಡಲಿನ ಚೂಡಿ ಉಲ್ಟಾ, ಕ್ರ್ಯಾಂಕಿನ ಬುಡದ ಬಲಗಡೆಯ ಬಟ್ಟಲಿನದೂ ಉಲ್ಟಾ. ಇಲ್ಲದಿದ್ದರೆ ತುಳಿಯುತ್ತ ತುಳಿಯುತ್ತ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ರಾಯರು ಇದನ್ನು ಕೇಳಲಿಲ್ಲ, ರಸೀದಿ ಕೇಳುತ್ತಿದ್ದರು.

ಕೆಲಸ ಶುರುವಾದದ್ದು ಮರುವಾರ. ವಿಡಿಯೋದ ಹನ್ನೆರಡು ನಿಮಿಷದಲ್ಲಿ ಎರಡನೇ ನಿಮಿಷ ಪೆಡಲು ಬಿಚ್ಚುವುದು. ಬಲದ್ದು ಬಂತು. ಎಡದ್ದಕ್ಕೆ ರಾಯರು ಪಾನಾ ಸಿಕ್ಕಿಸಿ ಎಡಕ್ಕೆ ಎಳೆದರು, ಬರಲಿಲ್ಲ. ಡಬ್ಲ್ಯೂಡಿ-40 ಹೊಡೆದು ಎಳೆದರು. ಕಾಲು ಕೊಟ್ಟು ಎಳೆದರು. ಇಡೀ ಸೈಕಲ್ಲು ಬಾಲ್ಕನಿಯಲ್ಲಿ ಅರ್ಧ ಪ್ರದಕ್ಷಿಣೆ ಹಾಕಿತು. ಫೋನು ಹಿಡಿದು ನಿಂತಿದ್ದ ಪುಟ್ಟಿ ಒಂದಷ್ಟು ಹೊತ್ತು ನೋಡಿ, “ಅಪ್ಪಾ, ಎಡಗಡೀದು ಉಲ್ಟಾ ಚೂಡಿ” ಅಂದಳು. “ನಿನಗ ತಿಳಿಯೂದಿಲ್ಲ, ಲೈಟ್ ಸರಿ ಹಿಡಿ” ಅಂದರು ರಾಯರು. ಅವಳು ಲೈಟು ಸರಿ ಹಿಡಿದಳು. ಅಪ್ಪ ನೀರು ಕುಡಿಯಲು ಒಳಗೆ ಹೋದಾಗ ಪಾನಾ ಹಿಡಿದು, ತನ್ನ ಇಡೀ ಇಪ್ಪತ್ತಾರು ಕೆಜಿಯನ್ನು ಅದರ ಮೇಲೆ ನಿಲ್ಲಿಸಿ ಬಲಕ್ಕೆ ಒತ್ತಿದಳು. ರಾಯರು ಬರುವಷ್ಟರಲ್ಲಿ ಪೆಡಲು ನೆಲದ ಮೇಲಿತ್ತು. “ನಾ ಸಡಿಲ ಮಾಡಿ ಇಟ್ಟಿದ್ದೆ” ಎಂದು ರಾಯರು ನನ್ನ ಕಡೆ ನೋಡಿದರು. ನಾನು ತುಳಸಿ ಕುಂಡ ನೋಡುತ್ತಿದ್ದೆ.

ಫ್ರೀವೀಲು ಬಿಚ್ಚುವುದು ಬೇರೆಯೇ ಅಧ್ಯಾಯ. ಅದರ ಗುಣವೆಂದರೆ ಪ್ರತಿ ತುಳಿತಕ್ಕೂ ಅದು ತನ್ನನ್ನು ತಾನೇ ಬಿಗಿ ಮಾಡಿಕೊಳ್ಳುತ್ತದೆ. ಮೂರು ವರ್ಷ ಹಾಲು ತಂದ ಬಿಗಿಯೆಲ್ಲ ಅದರೊಳಗೆ ಜಮೆಯಾಗಿರುತ್ತದೆ. ಸರಿಯಾದ ಕ್ರಮವೆಂದರೆ ಟೂಲನ್ನು ಬೆಂಚಿನ ವೈಸಿನಲ್ಲಿ ಕಚ್ಚಿಸಿ, ಚಕ್ರವನ್ನೇ ಬಸ್ಸಿನ ಸ್ಟಿಯರಿಂಗ್ ಹಿಡಿದು ತಿರುಗಿಸುವ ರೀತಿಯಲ್ಲಿ ತಿರುಗಿಸುವುದು. ಅಪಾರ್ಟ್‌ಮೆಂಟಿನಲ್ಲಿ ಈಜುಕೊಳವಿದೆ, ವೈಸಿಲ್ಲ. ರಾಯರು ಪಾನಾದ ಹಿಡಿಗೆ ಉದ್ದ ಸಾಲದೆಂದು ವ್ಯಾಕ್ಯೂಮ್ ಕ್ಲೀನರಿನ ಪೈಪು ಸಿಕ್ಕಿಸಿದರು. ಪೈಪು ವಿನಯದಿಂದ ಬಾಗಿತು. ಅದನ್ನು ಮನೆಯವರ ಕಣ್ಣಿಗೆ ಬೀಳದಂತೆ ಸೋಫಾದ ಹಿಂದೆ ಇಟ್ಟು, ಬಿ ಟವರಿನಲ್ಲಿ ಕೆಲಸ ಮಾಡುತ್ತಿದ್ದ ಪ್ಲಂಬರಿನ ಹತ್ತಿರ ಮೂರಡಿ ಕಬ್ಬಿಣದ ಪೈಪು ಕಡ ತಂದರು. ನಾನು ಚಕ್ರ ಅಪ್ಪಿಕೊಂಡು ಕೂತೆ. ಪುಟ್ಟಿ ಟೂಲು ಜಾರದಂತೆ ಒತ್ತಿ ಹಿಡಿದಳು. ರಾಯರು ಹನುಮಂತನ ಹೆಸರು ಹೇಳಿ ಪೈಪಿನ ಮೇಲೆ ಬಿದ್ದರು. ಟಣ್ ಎಂದಿತು. ಅಷ್ಟು ಹೊತ್ತು ಬಾರದ್ದು ಒಮ್ಮೆಲೇ ಬಂದದ್ದರಿಂದ ರಾಯರು ಬಾಲ್ಕನಿಯ ಕಂಬಿಗೂ ನಾನು ತುಳಸಿ ಕುಂಡಕ್ಕೂ ತಗುಲಿದೆವು. ಎದುರಿನ ಫ್ಲ್ಯಾಟಿನ ಅಜ್ಜಿ ಬಟ್ಟೆ ಒಣಗಿಸುವುದು ಬಿಟ್ಟು “ಏಮಯಿಂದಿ ಬಾಬೂ?” ಎಂದು ಕೂಗಿದರು. “ಏಂ ಲೇದು ಅಮ್ಮಮ್ಮಾ, ಫ್ರೀವೀಲ್ ಒಚ್ಚೇಸಿಂದಿ” ಎಂದು, ಫ್ರೀವೀಲ್ ಬಂದುಬಿಟ್ಟಿತೆಂದು, ಪುಟ್ಟಿ ವರದಿ ಒಪ್ಪಿಸಿದಳು. ಅಜ್ಜಿಗೆ ಸಮಾಧಾನವಾಯಿತು, ಫ್ರೀವೀಲ್ ಎಂದರೆ ಯಾವುದೋ ನೆಂಟರ ಹೆಸರೆಂದುಕೊಂಡಿರಬೇಕು.

ಇಲ್ಲಿಗೆ ಹಳೆಯ ಫ್ರೀವೀಲಿನ ಕೆಲಸ ಮುಗಿದಿತ್ತು. ಅದನ್ನು ಮತ್ತೆ ಹಾಕುವುದಿಲ್ಲ. ಗುಜರಿಗೆ ಕೊಡಬಹುದಿತ್ತು. ಆದರೆ ಕೈಯಲ್ಲಿ ಟೂಲು, ಎದುರಿಗೆ ಮಗು, ಕುಂಡದ ಪಕ್ಕ ಒಬ್ಬ ಪ್ರೇಕ್ಷಕ ಇರುವಾಗ ಗೇರ್ ರಾಯರು ಸುಮ್ಮನೆ ಕೂರುವವರಲ್ಲ. “ಬಾ ಪುಟ್ಟಿ, ಟಿಕ್‌ಟಿಕ್ ಅಂತ ಸಪ್ಪಳ ಎಲ್ಲಿಂದ ಬರ್ತದ ತೋರಸ್ತೀನಿ” ಎಂದು ಅದನ್ನು ಹಾಲಿನ ಟೀಪಾಯಿಯ ಮೇಲೆ, ಅಂದಿನ ಪೇಪರು ಹಾಸಿ ಇಟ್ಟರು. ಶಿಮಾನೊ ಎಂಬ ಕಂಪನಿ ಶುರುವಾದದ್ದೇ ಫ್ರೀವೀಲಿನಿಂದ, 1921ರಲ್ಲಿ, ಜಪಾನಿನ ಸಕಾಯ್ ಊರಿನಲ್ಲಿ ಎಂದು ಉಪನ್ಯಾಸ ಆರಂಭಿಸಿ, ಮೇಲಿನ ಮುಚ್ಚಳದ ಎರಡು ತೂತಿಗೆ ಮೊಳೆಯೊಂದನ್ನು ಇಟ್ಟು ಸುತ್ತಿಗೆಯಿಂದ ತಟ್ಟತೊಡಗಿದರು. ಈ ಸಲ ಮುಚ್ಚಳದ ಚೂಡಿ ಉಲ್ಟಾ ಎಂದು ಅವರಿಗೆ ಗೊತ್ತಿತ್ತು. ಪುಟ್ಟಿ ಮೊದಲೇ ಹೇಳಿದ್ದಳು.

ಫ್ರೀವೀಲಿನೊಳಗೆ ಏನಿರುತ್ತದೆಂದರೆ, ಸ್ಪ್ರಿಂಗಿನ ಒತ್ತಾಸೆಯಲ್ಲಿ ನಿಂತ ಎರಡು ಪುಟ್ಟ ಉಕ್ಕಿನ ನಾಲಗೆಗಳು. ಮುಂದಕ್ಕೆ ತುಳಿದಾಗ ಅವು ಒಳಹಲ್ಲಿಗೆ ಕಚ್ಚಿಕೊಂಡು ಚಕ್ರವನ್ನು ಎಳೆಯುತ್ತವೆ, ತುಳಿಯುವುದು ನಿಲ್ಲಿಸಿದರೆ ಹಲ್ಲಿನ ಮೇಲೆ ಜಾರುತ್ತ ಟಿಕ್‌ಟಿಕ್ ಎನ್ನುತ್ತವೆ. ಇವುಗಳ ಮೇಲೊಂದು ಕೆಳಗೊಂದು ಸಾಲಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಾಲ್ಸು, ಡಜನ್ನುಗಟ್ಟಲೆ. ಸಕಾಯ್ ಊರಿನ ಇತಿಹಾಸ ಇನ್ನೂ ನಡೆಯುತ್ತಿರುವಾಗಲೇ ಮುಚ್ಚಳ ಬಂತು. ಬಾಲ್ಸು ಪೇಪರಿನ ಮೇಲೆ ಒಂದು ಕ್ಷಣ ನಿಂತು, ಟೀಪಾಯಿಯಿಂದ ನೆಲಕ್ಕೆ ಹಾರಿ, ವಿಟ್ರಿಫೈಡ್ ಟೈಲ್ಸಿನ ಮೇಲೆ ನಾಲ್ಕೂ ದಿಕ್ಕಿಗೆ ಹೊರಟವು. ಒಂದಷ್ಟು ದೇವರ ಕೋಣೆಗೆ, ಒಂದಷ್ಟು ಸೋಫಾದಡಿಗೆ, ಬಹುಪಾಲು ಫ್ರಿಜ್ಜಿನ ಕೆಳಗೆ. ಅದೇ ಹೊತ್ತಿಗೆ ಹೆಂಡತಿ ಚಹಾದ ತಟ್ಟೆ ಹಿಡಿದು ಅಡುಗೆ ಮನೆಯಿಂದ ಬರುತ್ತಿದ್ದರು. ಬೀಳಲಿಲ್ಲ, ಆದರೆ ಬೀಳದಿರಲು ಅವರು ಮಾಡಿದ ಹೆಜ್ಜೆಗಾರಿಕೆಯನ್ನು ನಾನು ರವೀಂದ್ರ ಭಾರತಿಯ ರಂಗದ ಮೇಲೂ ನೋಡಿಲ್ಲ.

ಚಹಾ ಸುರಕ್ಷಿತವಾಗಿ ಟೀಪಾಯಿಗೆ ಬಂತು. “ಇದನ್ನ ಮತ್ತ ಹಾಕ್ತೀರೇನು ಸೈಕಲ್ಲಿಗೆ?” ಎಂದು ಕೇಳಿದರು.

“ಇಲ್ಲ.”

“ಮತ್ತ ಯಾಕ ಬಿಚ್ಚಿದ್ರಿ?”

ರಾಯರು ಪುಟ್ಟಿಯ ಕಡೆ ನೋಡಿದರು. ಪುಟ್ಟಿ ಕೆಟ್ಟುಹೋದ ಸ್ಪೀಕರಿನ ಅಯಸ್ಕಾಂತ ಹಿಡಿದು ಸೋಫಾದಡಿಗೆ ನುಸುಳಿದ್ದಳು. ಅಲ್ಲಿಂದಲೇ ಬಾಗಿದ ವ್ಯಾಕ್ಯೂಮ್ ಪೈಪನ್ನು ಹೊರಕ್ಕೆ ತಳ್ಳಿ “ಮಮ್ಮೀ, ಇದು ಇಲ್ಲೈತಿ” ಎಂದಳು. ನಾನು ಚಹಾ ಅರ್ಧಕ್ಕೆ ಬಿಟ್ಟು ನಮ್ಮ ಮನೆಗೆ ಬಂದುಬಿಟ್ಟೆ. ಗಂಡ ಹೆಂಡಿರ ನಡುವೆ ಡಿಪೆಂಡೆನ್ಸಿ ಆಗಬಾರದು.

ಮುಂದಿನ ಕೆಲಸ ಹೇಗೆ ನಡೆಯಿತೆಂದು ವಿವರಿಸುವುದಿಲ್ಲ. ಹೊಸ ಚಕ್ರ, ಹೊಸ ಕ್ರ್ಯಾಂಕು ಸುಲಭವಾಗಿಯೇ ಕೂತವು. ಚೈನಿನ ಉದ್ದ ನೋಡುವ ಉಪಾಯ ಮಾತ್ರ ಚೆನ್ನಾಗಿದೆ. ಡಿರೇಲರಿನೊಳಗೆ ಹಾಯಿಸದೆ ಮುಂದಿನ ಚಕ್ರಕ್ಕೂ ಹಿಂದಿನ ಅತಿ ದೊಡ್ಡ ಚಕ್ರಕ್ಕೂ ಚೈನು ಸುತ್ತಿ, ಎರಡು ತುದಿ ಕೂಡುವಲ್ಲಿಗೆ ಇನ್ನೆರಡು ಕೊಂಡಿ ಸೇರಿಸಿ ಕಡಿಯಬೇಕು. ಕಡಿದದ್ದು ಪುಟ್ಟಿ. ಚೈನ್ ಕಟ್ಟರಿನ ಪಿನ್ನು ಕೊಂಡಿಯ ನೇರಕ್ಕೆ ಬಂದಿದೆಯೇ ಎಂದು ಅವಳು ಒಂದು ಕಣ್ಣು ಮುಚ್ಚಿ, ನಾಲಗೆಯ ತುದಿ ಹೊರಗೆ ಹಾಕಿ ನೋಡಿದಳು. ಬೆರಳುಗಳು ಸಣ್ಣ, ಅಪ್ಪನ ಹೆಬ್ಬೆರಳು ಹೋಗದ ಕಡೆ ಅವಳವು ಹೋಗುತ್ತವೆ. ಹಿಡಿ ತಿರುಗಿಸಿದ್ದು ಮೆಲ್ಲಗೆ, ಕಾಲು ಸುತ್ತಿಗೊಮ್ಮೆ ನಿಂತು. ರಾಯರು ಎರಡು ಸಲ ಬಾಯಿ ತೆರೆದು ಎರಡು ಸಲವೂ ಮುಚ್ಚಿದರು. ಆ ಒಂದೆರಡು ನಿಮಿಷ ಆ ಮನೆಯಲ್ಲಿ ಉಪನ್ಯಾಸವಿರಲಿಲ್ಲ.

ಆಮೇಲೆ ಟ್ಯೂನಿಂಗ್. ಡಿರೇಲರಿಗೆ ಎಚ್, ಎಲ್ ಎಂದು ಎರಡು ಸ್ಕ್ರೂ. ಚೈನು ಆ ತುದಿ ದಾಟಿ ಫ್ರೇಮಿಗೆ ಬೀಳದಂತೆ ಒಂದು, ಈ ತುದಿ ದಾಟಿ ಕಡ್ಡಿಗೆ ಸಿಗದಂತೆ ಇನ್ನೊಂದು. ಮೂರನೆಯದು ಬಿ ಸ್ಕ್ರೂ. ಕೇಬಲ್ಲಿನ ತುದಿಯಲ್ಲಿ ತಿರುಗುವ ಬುಡ್ಡಿ ಒಂದು. ರಾಯರು ಕಣ್ಣು ವಿಡಿಯೋದ ಮೇಲಿಟ್ಟು ಕೈಯಿಂದ ಸ್ಕ್ರೂ ತಿರುಗಿಸಿದರು, ಪುಟ್ಟಿ ಪೆಡಲು ತಿರುಗಿಸುತ್ತ ಕಿವಿಯಿಂದ ಕೇಳಿದಳು. “ಈಗ ಗರಗರ ಅನ್ನಾಕತ್ತದ. ಈಗ ಇಲ್ಲ. ಅಪ್ಪಾ ಬಿಡು, ಬಿಡು, ಮುಂದ ಹೋಗಬ್ಯಾಡ.” ಅಪ್ಪ ಮುಂದೆ ಹೋದರು. ಎಂಟು ಗೇರು ಬಿದ್ದವು. ಮೂರನೆಯದು ಮಾತ್ರ ಎರಡು ಮತ್ತು ನಾಲ್ಕರ ನಡುವೆ ಮನಸ್ಸು ಗಟ್ಟಿ ಮಾಡದೆ ಕಟಕಟ ಎನ್ನುತ್ತ ಉಳಿಯಿತು. ರಾತ್ರಿ ಹನ್ನೊಂದರವರೆಗೆ ಕಟಕಟ. ಕೆಳಗಿನ ಫ್ಲ್ಯಾಟಿನವರು ಇಂಟರ್‌ಕಾಮಿನಲ್ಲಿ ಏನೆಂದು ಕೇಳಿದ್ದಕ್ಕೆ ರಾಯರು “ಇಂಡೆಕ್ಸಿಂಗ್” ಎಂದರಂತೆ.

ಬೆಳಗ್ಗೆ ಪುಟ್ಟಿಯೇ ಸೈಕಲ್ಲನ್ನು ತಳ್ಳಿಸಿಕೊಂಡು ಸ್ಟೇಷನ್ ರಸ್ತೆಯ ಪಂಚರ್ ಅಂಗಡಿಗೆ ಹೋದಳು. ಅಲ್ಲಿಯ ಚಾಚಾ ಸೈಕಲ್ಲಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಡಿರೇಲರ್ ನೇತಾಡುವ ಕಿವಿಯನ್ನು ಒಂದು ಕಣ್ಣಿನಿಂದ ನೋಡಿ, ಅದರ ಬೋಲ್ಟಿಗೆ ಅಲೆನ್ ಕೀ ಸಿಕ್ಕಿಸಿ ಹೊರಕ್ಕೆ ಒಂದು ಜಗ್ಗು ಜಗ್ಗಿದರು. ಕಿವಿ ಬಾಗಿತ್ತು, ನೆಟ್ಟಗಾಯಿತು. ಮೂರನೇ ಗೇರು ಬಿತ್ತು. ಕಂಬಿಗೆ ತಗುಲಿದ ದಿನ ರಾಯರ ಜೊತೆ ಬಿದ್ದದ್ದು ಫ್ರೇಮು ಕೂಡ. ಚಾಚಾ ದುಡ್ಡು ಬೇಡವೆಂದರು. ರಾಯರು ಮನೆಗೆ ಬಂದು, “ಹ್ಯಾಂಗರ್ ಅಲೈನ್‌ಮೆಂಟ್ ಇಶ್ಯೂ ಇತ್ತು ಸರ, ರಿಸಾಲ್ವ್ ಮಾಡ್ದಿವಿ” ಎಂದು ನನಗೆ ತಿಳಿಸಿದರು.

ಉದ್ಘಾಟನೆಗೆ ಹೆಲ್ತ್‌ವೇಗೆ ಹೋದೆವು. ಹೊರವರ್ತುಲ ರಸ್ತೆಯ ಪಕ್ಕದ 23 ಕಿಲೋಮೀಟರ್ ಸೈಕಲ್ ದಾರಿ ಅದು, 2023ರ ಅಕ್ಟೋಬರ್ 1ರಂದು ತೆರೆದದ್ದು. ತಲೆಯ ಮೇಲೆ ಸೌರ ಫಲಕಗಳ ಚಾವಣಿ, 16 ಮೆಗಾವ್ಯಾಟಿನದು. ಕೆಳಗೆ ಕೇರಂ ಬೋರ್ಡಿನಷ್ಟು ನಯವಾದ ರಸ್ತೆ ಎನ್ನಲು ಆಸೆಯಾಗುತ್ತದೆ, ಬರೀ ನಯವಾದ ರಸ್ತೆ ಎಂದರೆ ಸಾಕು. ಬೆಟ್ಟ ಹತ್ತಲೆಂದೇ ತರಿಸಿದ 42 ಹಲ್ಲಿನ ಚಕ್ರಕ್ಕೆ ಅಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ರಾಯರು ಅದನ್ನು ನಿರುದ್ಯೋಗಿಯಾಗಿ ಬಿಡಲಿಲ್ಲ. ಮೂರು ತುಳಿತಕ್ಕೊಂದು ಗೇರು ಬದಲಿಸುತ್ತ, ಪ್ರತಿ ಕ್ಲಿಕ್ಕಿಗೂ ಹಿಂದಿರುಗಿ ನೋಡುತ್ತ ಹೊರಟರು. ಟೂರ್ ಡಿ ಫ್ರಾನ್ಸ್ ಪಂದ್ಯ 1903ರಲ್ಲಿ ಶುರುವಾದರೂ ಡಿರೇಲರನ್ನು ಒಳಗೆ ಬಿಟ್ಟದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು ಹಿಂಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಆಲ್ಪ್ಸ್ ಹತ್ತುತ್ತಿದ್ದರು. ಇದನ್ನು ನಾನು ರಾಯರಿಗೆ ಹೇಳಲು ಹೋದೆ. ಅವರು ಆಗ ಏಳರಿಂದ ಎಂಟಕ್ಕೆ ಹೋಗುತ್ತಿದ್ದರು, ಕೇಳಿಸಲಿಲ್ಲ. ಗೇರಿಲ್ಲದ ಪುಟ್ಟ ಸೈಕಲ್ಲಿನಲ್ಲಿ ಪುಟ್ಟಿ ಇಬ್ಬರನ್ನೂ ದಾಟಿ ಹೋದಳು, ಬೆಲ್ಲಿಲ್ಲದ್ದರಿಂದ ಬಾಯಲ್ಲೇ ಟ್ರಿಣ್ ಟ್ರಿಣ್ ಎನ್ನುತ್ತ.

ಈಗ ಸಂಜೆ ಹೊತ್ತು ನಮ್ಮ ಬೇಸ್‌ಮೆಂಟಿನ ಕಂಬದ ಬುಡದಲ್ಲಿ ಒಂದು ಅಂಗಡಿ ನಡೆಯುತ್ತದೆ. ರಟ್ಟಿನ ಬೋರ್ಡಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಮೂರು ಲಿಪಿಗಳಲ್ಲಿ ದರಪಟ್ಟಿ: ಚೈನು ಹಾಕುವುದು ಪುಕ್ಕಟೆ, ಗೇರ್ ಸೆಟ್ಟಿಂಗ್ 20 ರೂಪಾಯಿ, ಬಿ ಟವರಿನವರಿಗೆ 25. ಹುಡುಗರು ಸಾಲು ನಿಂತಿರುತ್ತಾರೆ. ಲೈಟು ಹಿಡಿಯುವವರು ರಾಯರು. ಮೊನ್ನೆ ನಾನು ಹೋದಾಗ ಪುಟ್ಟಿ ಯಾವುದೋ ಹುಡುಗನ ಸೈಕಲ್ಲಿನ ಕೇಬಲ್ಲು ಬಿಗಿಯುತ್ತಿದ್ದಳು, ರಾಯರ ಕಣ್ಣು ಮೂಲೆಯ ಬಕೆಟ್ಟಿನ ಮೇಲಿತ್ತು. ಬಕೆಟ್ಟಿನಲ್ಲಿ ಹಳೆಯ ಕ್ರ್ಯಾಂಕು, ಎರಡು ಡಿರೇಲರು, ಚೈನು, ಫ್ರೀವೀಲಿನ ಬಿಡಿ ಭಾಗ. ಪಕ್ಕದಲ್ಲಿ ಗೋಡೆಗೊರಗಿದ ಹಳೆಯ ಹಿಂಚಕ್ರ.

“ಇಷ್ಟೆಲ್ಲ ಸುಮ್ನ ಬಿದ್ದೈತಲ್ಲ ಸರ,” ಎಂದರು ರಾಯರು, ದನಿ ತಗ್ಗಿಸಿ. “ಒಂದು ಫ್ರೇಮ್ ತರಿಸಿದ್ರ ಇನ್ನೊಂದು ಸೈಕಲ್ಲೇ ಆಗ್ತದ.”

ಪುಟ್ಟಿ ತಲೆ ಎತ್ತಲಿಲ್ಲ. “ಫ್ರೀವೀಲ್‌ದಾಗ ಆರು ಬಾಲ್ಸ್ ಕಮ್ಮಿ ಅದಾವ ಅಪ್ಪಾ. ಮೊದ್ಲ ಮಮ್ಮಿನ್ನ ಕೇಳಿ ಫ್ರಿಜ್ ಸರಿಸು. ಲೈಟ್ ಈ ಕಡೆ.”